ಪಟ್ಟದರಸಿಯ ಕೆಚ್ಚಲಿಗೆ ನಾನು ಹಿಡಿದ ಯಂತ್ರ

"ಇನ್ನು ಮುಂದೆ ಈ ಕೊಟ್ಟಿಗೆಯೊಳಗೆ ಕೆಚ್ಚಲುಬಾವು ಕಾಲಿಡಬೇಕಾದರೆ ನನ್ನ ಅಪ್ಪಣೆ ಬೇಕು" ಎಂದು ನಾನು ಘೋಷಿಸಿದೆ. ಕೇಳಿಸಿಕೊಂಡದ್ದು ಎರಡು ಆಡುಗಳು ಮತ್ತು ನನ್ನ ಹೆಂಡತಿ. ಆಡುಗಳು ಮೆಲುಕು ಹಾಕುವುದನ್ನು ನಿಲ್ಲಿಸಲಿಲ್ಲ. ಅವಳು ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ.

ನನ್ನ ಧೈರ್ಯಕ್ಕೆ ಆಧಾರವಿತ್ತು. ಪಶುವೈದ್ಯಳಾದ ಮಗಳು ಪರವೂರಿಗೆ ತರಬೇತಿಗೆ ಹೋಗುವಾಗ ತನ್ನ ಪುಟ್ಟ ಅಲ್ಟ್ರಾಸೌಂಡ್ ಯಂತ್ರವನ್ನು ನಮ್ಮ ಬೀರುವಿನಲ್ಲಿ ಇಟ್ಟಿದ್ದಳು. ಅದನ್ನು ಕೆಚ್ಚಲಿಗೆ ಒತ್ತಿ ಹಿಡಿದರೆ ಒಳಗಿನದೆಲ್ಲ ಪರದೆಯ ಮೇಲೆ ಕಾಣುತ್ತದೆ. ಒಳ್ಳೆಯ ಹಾಲು ಕಪ್ಪಗೆ ಕಂಡರೆ ಸೋಂಕಿನ ಹಾಲಿನಲ್ಲಿ ಬಿಳಿ ಚುಕ್ಕೆಗಳು ತೇಲುತ್ತವೆ. ಅವಳೇ ಒಮ್ಮೆ ತೋರಿಸಿದ್ದಳು. ಆಯುಷ್ಯವೆಲ್ಲ ಕರಿಹಲಗೆಯ ಮುಂದೆ ಸವೆಸಿದವನಿಗೆ ಕಪ್ಪು ಬಿಳುಪಿನ ಭೇದವನ್ನು ಬೇರೆ ಯಾರು ಕಲಿಸಬೇಕು?

"ಮಗಳು ಬರ್ಲಿ ಬಿಡಿ" ಎಂದಳು ಹೆಂಡತಿ.

"ಅವಳಿಗೆ ಅಕ್ಷರ ಕಲಿಸಿದ್ದು ಯಾರು?"

"ಅಕ್ಷರ ತಾನೆ? ಕೆಚ್ಚಲು ಅಲ್ಲವಲ್ಲ."

ಅವಳ ಅಂಜಿಕೆ ಹಿರಿಯ ಆಡಿನ ಬಗೆಗೆ. ತಬ್ಬಲಿ ಮರಿಯಾಗಿ ಬಂದಿದ್ದ ಅದನ್ನು ಬಾಟಲಿಯಲ್ಲಿ ಹಾಲು ಕುಡಿಸಿ, ತನ್ನ ಹಳೆಯ ಶಾಲು ಹೊದಿಸಿ ಸಾಕಿದವಳು ಅವಳು. ಅದರ ಠೀವಿ ನೋಡಿ ನಾನು ಪಟ್ಟದರಸಿ ಎಂದು ಹೆಸರಿಟ್ಟಿದ್ದೆ. ಕಿರಿಯದರ ಹಾಲು ಅದರ ಮರಿಗಳಿಗೇ ಸಾಲದು. ಮನೆ ನಡೆಯುತ್ತಿದ್ದದ್ದು ಪಟ್ಟದರಸಿಯ ಕೃಪೆಯಿಂದ.

ಪಟ್ಟದರಸಿಯನ್ನು ಕರೆದು ಮುಗಿದದ್ದೇ ತಡ, ನಾನು ಕಿರಿಯದರ ಕೆಚ್ಚಲಿಗೆ ಜೆಲ್ ಬಳಿದು ಯಂತ್ರ ಒತ್ತಿದೆ. ಒಳಗೆ ಉಳಿದಿದ್ದ ಹಾಲಿನಲ್ಲಿ ಬಿಳಿ ಚುಕ್ಕೆಗಳ ಸಂತೆಯೇ ನೆರೆದಿತ್ತು!

"ನೋಡೇ, ಸಿಕ್ಕಿಬಿತ್ತು."

ಹೆಂಡತಿ ಬಗ್ಗಿ ನೋಡಿದಳು. "ಹೌದಲ್ರೀ" ಎಂದಳು. ನಮ್ಮ ದಾಂಪತ್ಯದಲ್ಲಿ ಈ ಪದದ ಬಳಕೆ ತೀರ ವಿರಳ.

ಅಲ್ಲಿಗೇ ಕೈಬಿಟ್ಟಿದ್ದರೆ ನಾನು ಗೆದ್ದವನೇ. ಆದರೆ ತಪ್ಪು ಉತ್ತರದ ಪಕ್ಕದಲ್ಲಿ ಸರಿಯುತ್ತರವನ್ನು ಬರೆದು ತೋರಿಸದೆ ಪಾಠ ಮುಗಿಸಿದವನಲ್ಲ ನಾನು. ಅದೇ ಯಂತ್ರವನ್ನು ಪಟ್ಟದರಸಿಗೆ ಹಿಡಿದು "ಇದು ಸರಿ" ಎಂದೆ. ಮತ್ತೆ ಕಿರಿಯದಕ್ಕೆ ಹಿಡಿದು "ಇದು ತಪ್ಪು" ಎಂದೆ. ಮತ್ತೆ ಪಟ್ಟದರಸಿ. ನಡುನಡುವೆ, ಹಲಗೆ ಒರೆಸುವ ಶಿಸ್ತಿನಿಂದಲೇ, ಒಂದು ಒದ್ದೆ ಬಟ್ಟೆಯಲ್ಲಿ ಯಂತ್ರವನ್ನೂ ಕೆಚ್ಚಲನ್ನೂ ಒರೆಸುತ್ತಿದ್ದೆ.

"ಸಾಕು ರೀ, ನಾನೇನು ದಡ್ಡೀನಾ? ಒಂದ್ಸಲ ಹೇಳಿದ್ರೆ ತಿಳಿಯುತ್ತೆ."

"ಮನದಟ್ಟಾಗಬೇಕು" ಎಂದೆ.

ವಾರ ತುಂಬುವುದರೊಳಗೆ ಪಟ್ಟದರಸಿಯ ಕೆಚ್ಚಲಿನ ಬಲಭಾಗ ಕಲ್ಲಾಯಿತು. ಅದು ಮೇವು ಬಿಟ್ಟಿತು. ಹೆಂಡತಿ ಅಡುಗೆಮನೆ ಬಿಟ್ಟು ಕೊಟ್ಟಿಗೆಯಲ್ಲೇ ಅದರ ಕತ್ತು ನೇವರಿಸುತ್ತ ಕುಳಿತಳು. ನಾನು ಬಾಗಿಲಲ್ಲಿ ಇಣುಕಿದರೆ ಆಡು ನನ್ನತ್ತ ನೋಡುತ್ತಿತ್ತು, ಅವಳು ನೋಡುತ್ತಿರಲಿಲ್ಲ.

ಮಗಳು ಬಂದಳು. ಕೆಚ್ಚಲು ಮುಟ್ಟಿದಳು. ಯಂತ್ರ ನೋಡಿದಳು.

"ಅಪ್ಪಾ, ಒಂದು ಆಡು ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಇದನ್ನ ಔಷಧಿ ಹಾಕಿ ತೊಳೆದ್ರಾ?"

"ಒರೆಸಿದೆನಮ್ಮ."

"ಯಾವುದರಲ್ಲಿ?"

ಬಟ್ಟೆ ತೋರಿಸಿದೆ.

"ಎರಡಕ್ಕೂ ಇದೊಂದೇನಾ?"

"ಒಗೆದ ಬಟ್ಟೆ."

"ಮೊದಲನೇ ಆಡಿಗೆ ಒಗೆದ ಬಟ್ಟೆ. ಹಾಲು ಕರೆದ ತಕ್ಷಣ ಮೊಲೆಯ ಬಾಯಿ ತೆರೆದೇ ಇರುತ್ತಪ್ಪ. ರೋಗ ಸರಿಯಾಗೇ ಪತ್ತೆ ಮಾಡಿದ್ದೀರಿ. ಮಾಡಿ, ಕೈಯಾರೆ ಒಯ್ದು ಇವಳಿಗೆ ಹಚ್ಚಿದ್ದೀರಿ."

ಹೆಂಡತಿ ಏನಾದರೂ ಬೈದಾಳೆಂದು ಕಾದೆ. ಅವಳು ನನ್ನ ಕೈಯಿಂದ ಆ ಬಟ್ಟೆಯನ್ನು ಕಿತ್ತುಕೊಂಡು ಹೋಗಿ ಒಲೆಗೆ ಹಾಕಿದಳು. ಬೈದಿದ್ದರೆ ಉತ್ತರವಾದರೂ ಹೇಳಬಹುದಿತ್ತು.

ಔಷಧದಿಂದ ಕಿರಿಯದು ಗುಣವಾಯಿತು. ಪಟ್ಟದರಸಿಯೂ ಬದುಕಿತು. ಆದರೆ ಬಲಭಾಗದಲ್ಲಿ ಇನ್ನೆಂದಿಗೂ ಹಾಲು ಇಳಿಯದೆಂದು ಮಗಳು ಹೇಳಿ ಹೋದಳು.

ಔಷಧದಿಂದಾಗಿ ಹಾಲು ಕುಡಿಯಬಾರದಿದ್ದ ದಿನಗಳು ಕಳೆದು ಪಟ್ಟದರಸಿಯ ಹಾಲು ಮತ್ತೆ ಮನೆಗೆ ಬಂದ ದಿನ ಹೆಂಡತಿ ಎರಡು ಲೋಟ ಚಹಾ ತಂದಳು. ಅವಳದು ಎಂದಿನ ಬಣ್ಣ. ನನ್ನದು ಬರೀ ಡಿಕಾಕ್ಷನ್.

"ಹಾಲು ಹಾಕೋದು ಮರೆತೆಯಾ?"

"ಇಲ್ಲ" ಎಂದಳು, ತನ್ನ ಲೋಟವನ್ನು ನಿಧಾನವಾಗಿ ಊದುತ್ತ. "ಎಡಗಡೆಯದು ನನ್ನ ಪಾಲು. ಬತ್ತಿದ್ದು ನಿಮ್ಮದು."