ಗುರುವಾರ ಬಾರದ ತಾಯಂದಿರು

ಮೈಲಾರೆಪ್ಪ ಹೆಂಡತಿಗೆ ಹೇಳದೆ ಅವಳು ಹಣೆಗಿಡುವ ಟಿಕಳಿ ಪಾಕೀಟು ಜೇಬಿಗಿಳಿಸಿದ್ದೇ ಆ ದಿನದ ಗದ್ದಲಕ್ಕೆಲ್ಲ ಮೂಲವಾಯಿತು.

ಕದಿಯುವ ಚಾಳಿಯವನೇನಲ್ಲ ಅವನು. ಬ್ಯಾಡಗಿಯ ಆರೋಗ್ಯ ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್. 2006ರಲ್ಲಿ ಆ ಕಚೇರಿಗೆ ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಅದನ್ನು ಬೀಗರ ಮನೆಯ ನಾಯಿಯಂತೆ ದೂರದಿಂದಲೇ ನೋಡಿ ಸುಮ್ಮನಾಗಿದ್ದರು. ಮೈಲಾರೆಪ್ಪನೊಬ್ಬ ಅದರ ಮುಂದೆ ಕುಳಿತು ಮೂರು ವರ್ಷದ ಲಸಿಕೆ ರಿಜಿಸ್ಟರುಗಳನ್ನು ಓಣಿವಾರು ಬೆರಳಚ್ಚು ಮಾಡಿದ. ಉಳಿದ ಓಣಿಗಳಲ್ಲೆಲ್ಲ ನೂರಕ್ಕೆ ತೊಂಬತ್ತು ಮಕ್ಕಳಿಗೆ ದಡಾರದ ಲಸಿಕೆ ಬಿದ್ದಿತ್ತು. ಹಮಾಲರ ಓಣಿಯಲ್ಲಿ ಮಾತ್ರ ಅರವತ್ತೆರಡು ಮಕ್ಕಳಲ್ಲಿ ಇಪ್ಪತ್ತೈದಕ್ಕಷ್ಟೇ.

"ಆ ಮಂದಿಗೆ ತಿಳುವಳಿಕಿ ಇಲ್ಲ ಬಿಡ್ರಿ" ಎಂದರು ಕಚೇರಿಯವರು.

ಮೈಲಾರೆಪ್ಪ ಬಿಡಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಆ ಓಣಿಯಲ್ಲಿ ದಡಾರ ಎದ್ದು ಹನ್ನೊಂದು ಮಕ್ಕಳು ಹಾಸಿಗೆ ಹಿಡಿದಿದ್ದವು. ಒಂದು ಕೂಸು ಬದುಕಿ ಬಂದದ್ದೇ ಹೆಚ್ಚು. ಅವನು ತಾರೀಖುಗಳನ್ನು ಜೋಡಿಸಿ ನೋಡಿದ. ಸರಕಾರದ ಲಸಿಕೆ ದಿನ ಗುರುವಾರ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಿನವೂ ಗುರುವಾರ. ಗಂಡಸರು ಚೀಲ ಹೊರಲು, ಹೆಂಗಸರು ತೊಟ್ಟು ಮುರಿಯಲು ನಸುಕಿನಲ್ಲೇ ಪೇಟೆಯ ಯಾರ್ಡು ಸೇರುತ್ತಿದ್ದರು. ಆ ಇಪ್ಪತ್ತೈದು ಮಕ್ಕಳಾದರೂ ಬಂದದ್ದು ಯಾವಾಗ? ಹಬ್ಬಕ್ಕೆಂದು ಯಾರ್ಡು ಬಂದ್ ಇದ್ದ ಗುರುವಾರಗಳಲ್ಲಿ! ಅದು ಗೊತ್ತಾದ ದಿನ ಮೈಲಾರೆಪ್ಪ ಊಟ ಮಾಡುವುದನ್ನೂ ಮರೆತಿದ್ದ.

ಈ ಗುರುವಾರ ಮಧ್ಯಾಹ್ನ ಮೂರಕ್ಕೆ ಹಾವೇರಿಯಿಂದ ಡಾಕ್ಟರ್ ನೀಲಾ ಮೇಡಂ ತಪಾಸಣೆಗೆ ಬರುವವರಿದ್ದರು. ಅವರಿಗೆ ಕಣ್ಣಿಗೆ ಹೊಡೆಯುವಂತೆ ತೋರಿಸಬೇಕೆಂದು ಮೈಲಾರೆಪ್ಪ ಊರಿನ ನಕಾಶೆಯ ಮೇಲೆ ಹಮಾಲರ ಓಣಿಯಲ್ಲಿ ಲಸಿಕೆ ಬೀಳದ ಒಂದೊಂದು ಮಗುವಿಗೂ ಒಂದೊಂದು ಕೆಂಪು ಟಿಕಳಿ ಅಂಟಿಸಿದ. ಮೂವತ್ತೇಳು ಟಿಕಳಿ, ಅಷ್ಟೂ ಒಂದೇ ಓಣಿಯಲ್ಲಿ.

ಕಚೇರಿಗೆ ಹೋಗುವ ದಾರಿಯಲ್ಲಿ ಇಸಾಕಸಾಬನ ಚಹಾದಂಗಡಿ. ನಕಾಶೆಯನ್ನು ಬೆಂಚಿನ ಮೇಲೆ ಹರವಿ ಚಹಾ ಕೈಗೆತ್ತಿಕೊಂಡ.

"ಏನ್ರಿ ಮೈಲಾರೆಪ್ಪ, ನಕಾಶಕ್ಕ ಟಿಕಳಿ ಹಚ್ಚೀರಿ?" ಎಂದ ಇಸಾಕಸಾಬ.

"ಹಿಂದ ಉಳದ ಮನಿ ಅವು ಚಾಚಾ. ಹಾವೇರಿ ಮೇಡಂಗ ತೋರಸಾಕ ಒಯ್ಯಾಕತ್ತೇನಿ."

"ತೋರಿಸಿದ್ರ ಏನರ ಕೊಡತಾರೇನು?"

ಬಾಯಿ ತುಂಬ ಬಿಸಿ ಚಹಾ. ಮೈಲಾರೆಪ್ಪ ಲಸಿಕೆಯ ಗುಂಗಿನಲ್ಲೇ "ಕೊಡತಾರ, ಕೊಡತಾರ" ಎಂದು ತಲೆಯಾಡಿಸಿಬಿಟ್ಟ.

ಸುದ್ದಿ ಅವನಿಗಿಂತ ಮೊದಲೇ ಕಚೇರಿ ಮುಟ್ಟಿತ್ತು. ಚಹಾದಂಗಡಿಯಲ್ಲಿ ಹುಟ್ಟುವಾಗ ಅದು ಪುಕ್ಕಟೆ ರೇಷನ್ ಆಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಗ್ಯಾಸ್ ಸಿಲಿಂಡರ್ ಆಯಿತು. ಕಚೇರಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಟಿಕಳಿಗೊಂದು ಆರ್‌ಸಿಸಿ ಮನೆಯಾಗಿತ್ತು. ಎಲ್ಲರಿಗಿಂತ ಮುಂದೆ ನಿಂತಿದ್ದವನು ಮೇನ್ ರೋಡಿನ ಮನೋಹರ ಸಾವಕಾರ.

"ನಮ್ಮ ಮನಿಗೂ ಒಂದು ಟಿಕಳಿ ಹಚ್ಚಿಬಿಡ್ರಿ."

"ನಿಮ್ದು ಮೂರಂತಸ್ತಿನ ಮನಿ ಐತಲ್ರಿ ಸಾವಕಾರ್ರ!"

"ಮ್ಯಾಲಿಂದು ಸೋರತೈತ್ರಿ. ಕೆಳಗಿನ ಎರಡು ಬ್ಯಾಡ, ಮ್ಯಾಲಿನ ಅಂತಸ್ತಿಗಷ್ಟ ಹಚ್ಚರಿ."

ಹಿಂದಿನಿಂದ ಯಾರೋ ಕೆಮ್ಮಿ ತೋರಿಸಿದರು. ಇನ್ಯಾರೋ ಮಂಡಿನೋವು ಎಂದರು. ಮೈಲಾರೆಪ್ಪ ಕುರ್ಚಿ ಹತ್ತಿ ಕೂಗಿದ: "ಸಣ್ಣ ಮಕ್ಕಳು ಇರಬೇಕ್ರಿ! ಅದಕ್ಕ ದಡಾರದ ಲಸಿಕಿ ಹಾಕಸಿರಬಾರದು! ಅಂಥವರಿಗಷ್ಟ ಟಿಕಳಿ!"

ಗುಂಪು ಕರಗಿತು. ಅವನು ಉಸಿರು ಬಿಡುವಷ್ಟರಲ್ಲಿ ಮನೋಹರ ಸಾವಕಾರ ಮೊಮ್ಮಗನ ಕೈಹಿಡಿದುಕೊಂಡು ಮರಳಿ ಬಂದ.

"ಇಂವಗ ಮೀಸಿ ಬಂದಾವಲ್ರಿ!"

"ನಮಗಿನ್ನೂ ಕೂಸಿನಂಗ ಕಾಣತಾನ್ರಿ."

ಉಳಿದವರೂ ಬಂದರು, ಈ ಸಲ ಬಳೆ ಅಂಗಡಿಯಿಂದ ತಮ್ಮತಮ್ಮ ಟಿಕಳಿ ತಂದುಕೊಂಡು. ಎಲ್ಲ ದಿಕ್ಕಿನಿಂದಲೂ ಕೈಗಳು ನಕಾಶೆಯ ಮೇಲೆ ಬಿದ್ದವು. ನರ್ಸ್ ಸುರೇಖಾ ಲಸಿಕೆಯ ಪೆಟ್ಟಿಗೆಯನ್ನು ಎದೆಗವಚಿಕೊಂಡು ಮೂಲೆ ಸೇರಿದಳು. ಮೈಲಾರೆಪ್ಪ ಕಿತ್ತಾಡಿ ನಕಾಶೆ ಬಿಡಿಸಿಕೊಂಡಾಗ ಬ್ಯಾಡಗಿ ಊರಿಗೆ ಊರೇ ದಡಾರ ಎದ್ದ ಕೂಸಿನ ಮೈಯಂತಾಗಿತ್ತು. ಮೂವತ್ತೇಳು ಯಾವುವು, ಮುನ್ನೂರು ಯಾವುವು, ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ.

"ಮೂರು ತಿಂಗಳ ಕೆಲಸ ಮಣ್ಣಾತು ಸಿಸ್ಟರ್" ಎಂದು ಅವನು ನೆಲದ ಮೇಲೇ ಕುಕ್ಕರಿಸಿದ.

ಅಷ್ಟರಲ್ಲಿ ಸುದ್ದಿ ಯಾರ್ಡಿಗೂ ಮುಟ್ಟಿತ್ತು. ಹಮಾಲರ ಓಣಿಯ ಟಿಕಳಿಗಳನ್ನು ಮೇನ್ ರೋಡಿನವರು ಹೊಡೆದುಕೊಳ್ಳುತ್ತಿದ್ದಾರೆ ಎಂದು. ತೊಟ್ಟು ಮುರಿಯುತ್ತಿದ್ದ ಹೆಂಗಸರು ಬುಟ್ಟಿ ಬಿಟ್ಟು, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಹೊರಟೇಬಿಟ್ಟರು. ಮುಂದೆ ದುರಗವ್ವ. ಹಿಂದಿನ ಬೇಸಿಗೆಯಲ್ಲಿ ಸಾವಿನ ಬಾಗಿಲು ಮುಟ್ಟಿ ಬಂದಿದ್ದ ಕೂಸು ಅವಳದೇ ಮೊಮ್ಮಗಳು. ಈಗ ಅವಳ ಕಂಕುಳಲ್ಲಿದ್ದುದು ಆ ಕೂಸಿನ ತಮ್ಮ.

ಅವರು ಬಾಗಿಲಿಗೆ ಬಂದು ಸೀರೆಯ ಸೆರಗು ಕೊಡವಿದ್ದೇ ತಡ, ಕೋಣೆಯ ತುಂಬ ಮೆಣಸಿನಕಾಯಿ ಘಾಟು ಎದ್ದಿತು. ಮೊದಲು ಸೀನಿದವನು ಮೀಸೆಯ ಕೂಸು. ಆಮೇಲೆ ಸಾವಕಾರ, ಸುತ್ತಲಿನವರು, ಪಟಾಕಿ ಸರಕ್ಕೆ ಕಿಡಿ ತಾಗಿದಂತೆ ಒಬ್ಬರ ಹಿಂದೊಬ್ಬರು. ಕಣ್ಣುಮೂಗು ಒರೆಸಿಕೊಳ್ಳುತ್ತ ಎಲ್ಲರೂ ಬೀದಿಗೆ ಬಿದ್ದು ಮನೆ ಹಿಡಿದರು. ಐದೇ ನಿಮಿಷದಲ್ಲಿ ಕಚೇರಿ ಖಾಲಿ.

"ಎಲ್ಲೈತ್ರಿ ನಮ್ಮ ಮನಿ?" ಎಂದಳು ದುರಗವ್ವ.

ಮೈಲಾರೆಪ್ಪ ಸೀನುತ್ತಲೇ ನಿಜ ಹೇಳಿದ. ಮನೆಯೂ ಇಲ್ಲ, ಸಿಲಿಂಡರೂ ಇಲ್ಲ. "ಇರೂದು ಒಂದು ಸೂಜಿ ಅಷ್ಟ, ಯವ್ವಾ. ದಡಾರದ್ದು."

ಹೆಂಗಸರು ಮುಖಮುಖ ನೋಡಿಕೊಂಡರು. ಈಗ ತನ್ನನ್ನು ಹರಿದು ಹಾಕುತ್ತಾರೆಂದು ಮೈಲಾರೆಪ್ಪ ಗೋಡೆಗೆ ಅಂಟಿಕೊಂಡ. ದುರಗವ್ವ ಮಾತ್ರ ಕೂಸಿನ ತಲೆ ಸವರುತ್ತ ನಿಂತಿದ್ದಳು.

"ಈ ಸೂಜಿ ಹಾಕಸಿದ್ರ ಹ್ವಾದ ವರ್ಸ ಆದಂಗ ಆಗೂದಿಲ್ಲೇನ್ರಿ?"

"ಆಗೂದಿಲ್ಲ ಯವ್ವಾ."

"ಹೆಂಗೂ ಬಂದೇವಿ. ಹಾಕ್ರವಾ ಸಿಸ್ಟರ್, ಲಗೂ ಹಾಕ್ರಿ. ಕೆಲಸ ಬಿಟ್ಟು ಬಂದೇವಿ."

ಸಾಲು ನಿಂತಿತು. ಸುರೇಖಾ ಚುಚ್ಚಿದಳು, ಮಕ್ಕಳು ಅತ್ತವು, ಮೈಲಾರೆಪ್ಪ ಹೆಸರು ಬರೆದ. ಕೊನೆಯ ಮಗುವಿನ ಹೆಸರು ಬರೆದು ಎಣಿಸಿದರೆ ಮೂವತ್ತೇಳು. ಒಂದೂ ಉಳಿದಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂದದ್ದು ಘಾಟಿಗೋ ಮತ್ಯಾತಕ್ಕೋ ಅವನಿಗೇ ಗೊತ್ತಾಗಲಿಲ್ಲ.

ಮೂರಕ್ಕೆ ಸರಿಯಾಗಿ ಬಂದ ನೀಲಾ ಮೇಡಂ ಮೊದಲು ಅವನು ನಕಾಶೆಯ ಜೊತೆಗೆ ಬರೆದಿಟ್ಟಿದ್ದ ಅರ್ಜಿ ಓದಿದರು: 'ಹಮಾಲರ ಓಣಿಯ ತಾಯಂದಿರು ಗುರುವಾರ ಬರಲಾರರು. ಅವರಿಗಾಗಿ ಭಾನುವಾರವೂ ಕಚೇರಿ ತೆರೆದಿಡಲು ಅಪ್ಪಣೆಯಾಗಬೇಕು.' ಆಮೇಲೆ ರಿಜಿಸ್ಟರ್ ನೋಡಿದರು.

"ಇವತ್ತ ಯಾವ ವಾರ?"

"ಗುರುವಾರ್ರಿ ಮೇಡಂ."

"ಆ ಓಣಿಯಿಂದ ಎಷ್ಟು ಮಕ್ಕಳು ಬಂದಾವು?"

"ಮೂವತ್ತೇಳ್ರಿ."

"ಮೂರು ವರ್ಷದಾಗ ಒಂದ ದಿನಕ್ಕ ಇದಕ್ಕಿಂತ ಜಾಸ್ತಿ ಬಂದಾವೇನು?"

"ಇಲ್ರಿ."

"ಮತ್ತ ಗುರುವಾರ ಬರೂದಿಲ್ಲ ಅಂತ ನಿಮಗ ಯಾರು ಹೇಳಿದ್ರು? ನಿಮ್ಮ ಅಂಕಿನ ಬರತಾರ ಅನ್ನಾಕತ್ತಾವಲ್ರಿ!"

ಮೈಲಾರೆಪ್ಪ ಟಿಕಳಿಯಿಂದ ಘಾಟಿನವರೆಗೆ ಎಲ್ಲ ಬಿಡಿಸಿ ಹೇಳಿದ. ಮೇಡಂ ನಕ್ಕರು. "ಖರೇ ಇರಬಹುದು. ಆದ್ರ ಚಹಾದಂಗಡಿ ಸುದ್ದೀನ ನಾ ಯಾವ ಕಾಲಮ್ಮಿನಾಗ ತುಂಬಲಿ?"

ಕೂಸಿಗೆ ಜ್ವರ ಬರುತ್ತದೋ ನೋಡಲೆಂದು ಕುಳಿತಿದ್ದ ದುರಗವ್ವ ಬಾಗಿಲಿಂದಲೇ ದನಿಯೆತ್ತಿದಳು: "ಯವ್ವಾ, ದಿನಾ ಹಿಂಗ ಓಡಿ ಬರಾಕ ಆಗೂದಿಲ್ಲ. ನೀವ ಯಾರ್ಡಿಗೆ ಬರ್ರಿ. ಅಲ್ಲೇ ನೆರಳೈತಿ. ಚುಚ್ಚಿಸಿಕೊಂಡು ಮತ್ತ ಕೆಲಸಕ್ಕ ಕುಂದರತೇವಿ."

ಮೇಡಂ ಪೆನ್ನು ತೆಗೆದರು. "ಪ್ರತಿ ಗುರುವಾರ ಯಾರ್ಡಿನಾಗ ಲಸಿಕಿ. ರಾಣೇಬೆನ್ನೂರಿಂದ ಒಬ್ಬ ನರ್ಸ್‌ನ ಕಳಸತೇನಿ. ರಾಣೇಬೆನ್ನೂರು, ಹಾವೇರಿ ಸಂತಿಯಾಗೂ ಹಿಂಗ ಮಾಡಿ ನೋಡೋಣ."

ಮೈಲಾರೆಪ್ಪನಿಗೆ ಕುಣಿಯುವುದೊಂದು ಬಾಕಿ.

"ಯಾರ್ಡಿನಾಗ ಹೆಸರು ಬರಿಯಾಕ ನೀವ ಹೋಗ್ರಿ" ಎಂದರು ಮೇಡಂ. "ಮೂರೂ ಊರಿನ ಅಂಕಿ ಕಂಪ್ಯೂಟರಿಗೆ ಹಾಕೂದೂ ನೀವ."

"ವಾರದಾಗ ಹೊತ್ತೆಲ್ಲಿ ಸಿಗತೈತ್ರಿ ಮೇಡಂ?"

ಮೇಡಂ ಅರ್ಜಿ ಎತ್ತಿ ತೋರಿಸಿದರು. "ಭಾನುವಾರ ಕಚೇರಿ ತೆರದಿಡಾಕ ನೀವ ಅಪ್ಪಣೆ ಕೇಳೀರಲ್ಲ? ಕೊಟ್ಟೇನಿ."

ಆ ಭಾನುವಾರ ಮೈಲಾರೆಪ್ಪ ಒಬ್ಬನೇ ಕುಳಿತು ಮೂವತ್ತೇಳು ಹೆಸರು ಬೆರಳಚ್ಚು ಮಾಡಿದ. ಹಮಾಲರ ಓಣಿಯ ಮುಂದೆ 'ಅರವತ್ತೆರಡಕ್ಕೆ ಅರವತ್ತೆರಡು' ಎಂದು ಮೂಡಿತು. ಇಡೀ ಬ್ಯಾಡಗಿಯಲ್ಲಿ ಅಂಥ ಲೆಕ್ಕ ಇನ್ನೊಂದು ಓಣಿಗಿರಲಿಲ್ಲ. ಖುಷಿಗೆ ಯಾರಿಗಾದರೂ ತೋರಿಸಬೇಕೆಂದು ಎದ್ದು ಅತ್ತಿತ್ತ ನೋಡಿದ. ಊರಿಗೆಲ್ಲ ರಜೆ.