ಅಂಟುತಟ್ಟೆಯಲ್ಲಿ ಅಚ್ಚಾದ ಲಗ್ನಪತ್ರಿಕೆ

ಮಾಲೂರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದ ಚನ್ನರಾಯಪ್ಪನವರಿಗೆ ಈ ಭೂಮಂಡಲದಲ್ಲಿ ಇದ್ದದ್ದು ಒಂದೇ ಕೊರಗು. ಆ ಕೊರಗಿನ ಹೆಸರು ಕದಿರಪ್ಪ, ಊರು ಮಾಸ್ತಿ, ಸಂಬಂಧದಲ್ಲಿ ಹೆಣ್ಣು ಕೊಟ್ಟ ಮಾವ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಮಹಾನುಭಾವರು ಅಳಿಯನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತಾಡಿದವರಲ್ಲ. ಯಾರಾದರೂ "ನಿಮ್ಮ ಅಳಿಯಂದಿರಿಗೆ ಏನು ಕೆಲಸ?" ಎಂದು ಕೇಳಿದರೆ ಸಾಕು, "ಬೊಂಬೆ ಬರೀತಾನೆ" ಎಂದು ಹೇಳಿ, ಎಲೆಅಡಿಕೆ ಉಗುಳುವ ನೆಪದಲ್ಲಿ ಎದ್ದುಹೋಗುತ್ತಿದ್ದರು. ಕಲಾವಿದನೊಬ್ಬನಿಗೆ ಇದಕ್ಕಿಂತ ಅವಮಾನ ಬೇಕೇನ್ರೀ?

ಹೆಂಡತಿಯ ತಂಗಿ ಚಿಕ್ಕಗಂಗಮ್ಮನಿಗೆ ಮುಳಬಾಗಿಲು ಕಡೆಯ ಗಂಡು ಗೊತ್ತಾಯಿತು. ಲಗ್ನಪತ್ರಿಕೆಯನ್ನು ಕೋಲಾರದ ಪ್ರೆಸ್ಸಿಗೆ ಕೊಡುವ ಮಾತು ಬಂದದ್ದೇ ತಡ, ಮೇಷ್ಟರು ಎದ್ದು ನಿಂತರು.

"ಪ್ರೆಸ್ಸು ಯಾಕೆ ಮಾವ? ನಾನಿಲ್ವಾ? ನಾನು ಅಚ್ಚು ಹಾಕೋ ಪತ್ರಿಕೇನ ಜನ ಗಾಜಿನ ಕಟ್ಟು ಹಾಕ್ಸಿ ಗೋಡೆಗೆ ನೇತು ಹಾಕ್ಕೋಬೇಕು, ನೋಡ್ತಿರಿ!"

ಮಾವನವರು ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನನ್ನ ಮಗಳ ಮದುವೆ ಕಣಪ್ಪಾ. ಬೊಂಬೆ ಆಟ ಅಲ್ಲ" ಎಂದರು. ಆದರೂ ಒಪ್ಪಿದರು. ಇದೊಂದು ಕೆಲಸ ಗೆದ್ದರೆ ಮಾವನ ಬಾಯಲ್ಲಿ ಒಂದು ಶಭಾಸ್‌ಗಿರಿ ಗ್ಯಾರಂಟಿ ಎಂದು ಮೇಷ್ಟರು ಮಾಸ್ತಿಯಿಂದ ಬಸ್ಸಿನಲ್ಲಿ ಮರಳುವಾಗಲೇ ಮನಸ್ಸಿನಲ್ಲಿ ಮಂಡಿಗೆ ತಿಂದರು.

ಮೇಷ್ಟರ ಧೈರ್ಯಕ್ಕೆ ಕಾರಣ ಅಂಟುತಟ್ಟೆ. ಸ್ಕೂಲಿನಲ್ಲಿ ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದುದೇ ಅದರಲ್ಲಿ. ಜೆಲಾಟಿನ್, ಗ್ಲಿಸರಿನ್, ಸಕ್ಕರೆ ಕಾಯಿಸಿ ತಟ್ಟೆಗೆ ಸುರಿದರೆ ಹಲ್ವದ ಹಾಗೆ ಹೆಪ್ಪುಗಟ್ಟುತ್ತದೆ. ನೇರಳೆ ಶಾಯಿಯಲ್ಲಿ ಬರೆದ ಹಾಳೆಯನ್ನು ಅದರ ಮೇಲೆ ಒತ್ತಿದರೆ ಅಂಟು ಶಾಯಿಯನ್ನೆಲ್ಲ ಕುಡಿದುಕೊಳ್ಳುತ್ತದೆ. ಆಮೇಲೆ ಬಿಳಿ ಹಾಳೆ ಒತ್ತಿ ಒತ್ತಿ ತೆಗೆದರೆ ಆಯಿತು, ಅಚ್ಚು! ಆ ಶಾಯಿಯ ಗುಣವೇ ವಿಚಿತ್ರ. ಒಣಗಿದಾಗ ಮಂಕು, ಒಂದು ಹನಿ ನೀರು ತಗುಲಿತೋ, ಉರಿಯುವ ನೇರಳೆ.

ಶನಿವಾರ ಬೆಳಿಗ್ಗೆ ಹೆಂಡತಿ ಅಶ್ವತ್ಥಮ್ಮ ಮೂಗು ಹಿಡಿದುಕೊಂಡು ಅಡುಗೆಮನೆಗೆ ನುಗ್ಗಿದರು.

"ರೀ! ಶನಿವಾರ ಕಣ್ರೀ ಇವತ್ತು! ನಮ್ಮನೇಲಿ ಕಾಲು ಸೂಪಿನ ವಾಸನೆ ಯಾಕ್ರೀ ಬರ್ತೈತೆ?"

"ಸೂಪಲ್ಲ ಕಣೇ, ಜೆಲಾಟಿನ್ನು."

"ಅದನ್ನ ಯಾತರಲ್ಲಿ ಮಾಡ್ತಾರೆ?"

ಮೇಷ್ಟರು ಸತ್ಯವಂತರು. "ಮೂಳೇಲಿ" ಎಂದರು. (ಸತ್ಯವಂತರು ಅಡುಗೆಮನೆಯ ಕಡೆ ಹೋಗಲೇಬಾರದು.)

"ಅಯ್ಯಯ್ಯೋ! ಅರಿಶಿನ ಕುಂಕುಮ ಕೊಡೋ ಹರಿವಾಣ! ನಮ್ಮಪ್ಪ ಕೊಟ್ಟಿದ್ದು! ಅದರಲ್ಲಿ ಮೂಳೆ ಅಂಟು ಸುರಿದಿದ್ದೀರಲ್ರೀ, ನಿಮ್ಮ ಕಲೆ ಮನೆ ಹಾಳಾಗ!"

ಇಷ್ಟಕ್ಕೇ ಮುಗಿಯಲಿಲ್ಲ. ಅಂಟು ಆರಿ ಗಟ್ಟಿಯಾಗುವ ಹೊತ್ತಿಗೆ ಪಕ್ಕದ ಮನೆಯ ಸೊಣ್ಣಪ್ಪ ಸಪ್ಪೆ ಮುಖ ಹೊತ್ತು ಬಂದ. ಅವನ ತಾತ ತೀರಿಕೊಂಡಿದ್ದರು, ತಿಥಿಯ ಕಾಗದ ಅಚ್ಚಾಗಬೇಕಿತ್ತು. ಪ್ರಯೋಗ ಮಾಡಿ ನೋಡಲು ಇಂಥ ಅವಕಾಶ ಮತ್ತೆ ಸಿಗುತ್ತದೆಯೇ? ಮೇಷ್ಟರು ಉತ್ಸಾಹದಿಂದ (ಸಾವಿನ ಮನೆಯವರ ಎದುರು ಅಷ್ಟು ಉತ್ಸಾಹ ತೋರಿಸಬಾರದಿತ್ತು) ಎಲ್ಲವನ್ನೂ ಅಚ್ಚು ಹಾಕಿಕೊಟ್ಟು, ಅಂಟಿನ ಮೇಲೆ ಒದ್ದೆ ಬಟ್ಟೆ ಆಡಿಸಿದರು.

"ಸಾವಿನ ಕಾಗದ ಎತ್ತಿದ ಅಂಟಲ್ಲೇ ಮದುವೆ ಕಾಗದಾನೇನ್ರೀ? ಚೆಲ್ಲಿ ಬೇರೆ ಕಾಯಿಸ್ರೀ!" ಎಂದರು ಅಶ್ವತ್ಥಮ್ಮ.

"ಒರೆಸಿದ್ದೀನಲ್ಲ. ಇದು ವಿಜ್ಞಾನ ಕಣೇ, ವಿಜ್ಞಾನಕ್ಕೆ ಸೂತಕ ಇಲ್ಲ!"

ಆಮೇಲೆ ನೋಡಬೇಕಿತ್ತು ಅವರ ಕಲಾವೈಭವವನ್ನು! ಹಿಪ್ಪುನೇರಳೆ ಎಲೆಗೆ ಬಣ್ಣ ಸವರಿ ಅಂಟಿಗೆ ಒತ್ತಿ ಅದರ ನರನರವನ್ನೂ ಅಚ್ಚಿಗಿಳಿಸಿದರು. ಬಟ್ಟೆಗೆ ಹಾಕುವ ನೀಲಿ ಚಿಮುಕಿಸಿದರು. ಊದುಬತ್ತಿ ಪೊಟ್ಟಣದ ಚಿನ್ನದ ಕಾಗದ ಕತ್ತರಿಸಿ ಕಳಶ ಅಂಟಿಸಿದರು. ಹೆಂಡತಿಯ ರವಿಕೆಯ ಲೇಸನ್ನೂ ಬಿಡಲಿಲ್ಲ. ಪತ್ರಿಕೆಯ ಕೆಳಗಡೆ ಬಲಮೂಲೆಯಲ್ಲಿ, ಮದುವೆ ಗಂಡಿನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ, "ಚನ್ನರಾಯಪ್ಪ, ಚಿತ್ರಕಲಾ ಶಿಕ್ಷಕರು, ಮಾಲೂರು" ಎಂದು ರಾರಾಜಿಸಿದರು.

ಅಶ್ವತ್ಥಮ್ಮ ಬಗ್ಗಿ ನೋಡಿದರು. "ಅಕ್ಷರಗಳ ಹಿಂದ್ಗಡೆ ಏನ್ರೀ ಅದು ಮಸಕು ಮಸಕಾಗಿ? ಕೊಳೆನಾ?"

"ಕೊಳೆಯಲ್ಲ, ಛಾಯೆ! ನಾನಾಗಿ ಮಾಡಿದ್ದಲ್ಲ, ತಾನಾಗಿ ಒಲಿದು ಬಂದಿದೆ. ಇದನ್ನೇ ನವ್ಯಕಲೆ ಅನ್ನೋದು. ನಿನಗೆ ಅರ್ಥ ಆಗಲ್ಲ ಬಿಡು."

ಪತ್ರಿಕೆಯ ಕಟ್ಟು ಮಾಸ್ತಿಗೆ ಹೋಯಿತು. ಕದಿರಪ್ಪನವರಿಗಾಗಲಿ ಅವರ ಹೆಂಡತಿಗಾಗಲಿ ಓದು ಬಾರದು. ಓದು ಬಲ್ಲ ಚಿಕ್ಕಗಂಗಮ್ಮ ತನ್ನ ಮದುವೆಯ ಕಾಗದವನ್ನು ನಾಚಿಕೆಗೆ ಮುಟ್ಟಲೂ ಇಲ್ಲ. ಅತ್ತೆಯವರು ಬಟ್ಟಲಲ್ಲಿ ಅರಿಶಿನ ಕಲಸಿ, ಸಂಪ್ರದಾಯದಂತೆ ಒಂದೊಂದು ಪತ್ರಿಕೆಯ ನಾಲ್ಕು ಮೂಲೆಗೂ ಧಾರಾಳವಾಗಿ ಒದ್ದೆ ಅರಿಶಿನ ಹಚ್ಚಿದರು. ಊರಿನ ನೆಂಟರಿಗೆ ಹಂಚಿ ಮಿಕ್ಕ ಪತ್ರಿಕೆಗಳು ಲಕ್ಕೂರು, ಶ್ರೀನಿವಾಸಪುರ, ಮುಳಬಾಗಿಲು ಎಂದು ದಿಕ್ಕುದಿಕ್ಕಿಗೆ ಹೊರಟವು.

ಪ್ರಶಂಸೆಯನ್ನು ಖುದ್ದಾಗಿ ಸ್ವೀಕರಿಸಲು ಮೇಷ್ಟರು ಮುಂದಿನ ವಾರದ ಭಾನುವಾರ ಇಸ್ತ್ರಿ ಅಂಗಿ ತೊಟ್ಟು, ಹೆಂಡತಿಯನ್ನೂ ಕರೆದುಕೊಂಡು ಮಾಸ್ತಿ ಬಸ್ಸು ಹತ್ತಿದರು. ಊರಲ್ಲಿ ಇಳಿದರೆ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ನೆಂಟರೊಬ್ಬರ ಮನೆಯ ಮುಂದೆ ಹರಿದ ಕಾಗದದ ಚೂರು ಬಿದ್ದಿತ್ತು. ಮೇಷ್ಟರು ಬಗ್ಗಿ ನೋಡಿದರು. ಹಿಪ್ಪುನೇರಳೆ ಎಲೆಯ ನರ! ಮುಂದಿನ ಮನೆಯ ಮುಂದೆ ಅರ್ಧ ಕಳಶ! ಅದರಾಚೆ ರವಿಕೆಯ ಲೇಸು!

"ಹರಿದು ಹಾಕಿದ್ದಾರಲ್ಲೇ! ನನ್ನ ಕಲೇನ ಚೂರುಚೂರು ಮಾಡಿ ಬೀದಿಗೆ ಎಸೆದಿದ್ದಾರಲ್ಲೇ!" ಮೇಷ್ಟರು ಚೂರುಗಳನ್ನು ಆಯತೊಡಗಿದರು.

ಅಶ್ವತ್ಥಮ್ಮ ಗಾಬರಿಯಾದದ್ದು ಬೇರೆ ಕಾರಣಕ್ಕೆ. ಹಿತ್ತಲುಗಳಲ್ಲಿ ಜನ ನಡುಹಗಲಲ್ಲಿ ತಲೆಯ ಮೇಲೆ ದಬದಬ ನೀರು ಸುರಿದುಕೊಳ್ಳುವ ಸದ್ದು. ಕೊಡ ನೀರಿಗೆ ಮಾರುಗಟ್ಟಲೆ ಹಗ್ಗ ಎಳೆಯುವ ಊರಿನಲ್ಲಿ ಸುಮ್ಮಸುಮ್ಮನೆ ಯಾರಾದರೂ ಹೀಗೆ ಮೀಯುತ್ತಾರೆಯೇ? ಸಾವಿನ ಕಾಗದ ಬಂದರೆ ಮಾತ್ರ ಓದಿದ ತಕ್ಷಣ ಹರಿದು ಬಿಸಾಡಿ ಮೀಯುತ್ತಾರೆ.

"ಅಯ್ಯೋ, ನಮ್ಮಪ್ಪಾ!" ಎಂದು ಆಕೆ ಓಡಿಯೇಬಿಟ್ಟರು.

ಕದಿರಪ್ಪನವರ ಮನೆಯ ಮುಂದೆ ಜನಜಾತ್ರೆ. ಅಶ್ವತ್ಥಮ್ಮನನ್ನು ಕಂಡದ್ದೇ ಹೆಂಗಸರೆಲ್ಲ ಬಂದು ತಬ್ಬಿಕೊಂಡು ಗೋಳೋ ಎಂದರು. "ಎಂಥಾ ಬಾಳು ಬಾಳ್ತಿದ್ದೆ ತಾಯೀ! ನಿನ್ನ ಹಣೆಬರಹ ಹಿಂಗಾಗೋಯ್ತಲ್ಲೇ!" ಆಕೆ ಎಲ್ಲರನ್ನೂ ಬಿಡಿಸಿಕೊಂಡು ಜಗಲಿಯತ್ತ ನೋಡಿದರೆ, ಅಪ್ಪ ಗುಂಡುಕಲ್ಲಿನಂತೆ ಕೂತು ತಲೆ ಚಚ್ಚಿಕೊಳ್ಳುತ್ತಿದ್ದಾರೆ!

"ಅಪ್ಪಾ! ನೀನು ಬದುಕಿದ್ದೀಯಾ? ಹಂಗಾದ್ರೆ ಸತ್ತೋರು ಯಾರು?"

ಕದಿರಪ್ಪನವರಿಗೆ ಕೇಳಿಸಲಿಲ್ಲ. ಅವರು ತೆಲುಗಿನಲ್ಲಿ ಅಳುತ್ತಿದ್ದರು. (ಅವರಿಗೆ ದುಃಖ ಬಂದರೆ ತೆಲುಗು, ಸಿಟ್ಟು ಬಂದರೆ ಕನ್ನಡ.) "ನಾ ಬಂಗಾರು ಅಲ್ಲುಡಾ! ಯಾಡಿಕಿ ಪೋತಿವಿರಾ ನಾಯನಾ!" ಆ ತೆಲುಗನ್ನು ಕನ್ನಡಕ್ಕಿಳಿಸಿದರೆ ಹೀಗೆ: "ಎಲ್ಲಿಗೆ ಹೋದ್ಯೋ ನನ್ನಪ್ಪಾ! ಚಿನ್ನದಂಥ ಅಳಿಯ ಕಣ್ರಪ್ಪೋ! ಗಿಳಿ ಬರೆದ್ರೆ ಹಾರೋ ಹಂಗೆ ಬರೀತಿದ್ದ! ಅಂಥಾ ಕೈ ಈ ಜಿಲ್ಲೇಲಿ ಇನ್ನೊಂದಿಲ್ಲ ಕಣ್ರಪ್ಪೋ!"

ಗುಂಪಿನ ಹಿಂದೆ ಬಂದು ನಿಂತ ಮೇಷ್ಟರಿಗೆ ಮೈಯೆಲ್ಲ ಝುಂ ಎಂದಿತು. ತಾವೇ ಸತ್ತಿರುವುದು ಎಂದು ತಿಳಿದು ಗಾಬರಿಯಾಯಿತು, ನಿಜ. ಆದರೆ ಎಷ್ಟು ವರ್ಷದಿಂದ ಕಾದ ಮಾತುಗಳು! ಇನ್ನೊಂದೆರಡು ಕೇಳಿಕೊಂಡೇ ಬದುಕೋಣ ಎಂದು ಉಸಿರು ಬಿಗಿಹಿಡಿದು ನಿಂತರು. ಅಷ್ಟರಲ್ಲಿ ಲಕ್ಕೂರಿನ ನೆಂಟ ವೆಂಕಟರಾಯಪ್ಪ ಮೂಗು ಒರೆಸಿಕೊಳ್ಳಲು ಹಿಂದಕ್ಕೆ ತಿರುಗಿದ.

"ದೆವ್ವಾ! ದೆವ್ವ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದೈತೆ!"

ಜನ ದಿಕ್ಕಾಪಾಲಾಗಿ ಓಡಿದರು. ಅತ್ತೆಯವರು ಮೂರ್ಛೆ ಹೋದರು. ಅಶ್ವತ್ಥಮ್ಮ ಗಂಡನ ತೋಳು ಚಿವುಟಿ, "ನೋಡ್ರೋ, ಬದುಕೇ ಇದಾರೆ! ಇದ್ಯಾರು ಕೊಂದಿದ್ದು ನನ್ನ ಗಂಡನ್ನ?" ಎಂದು ಕಿರುಚಿದರು. ಆಗ ಯಾರೋ ಒಳಗೆ ಉಳಿದಿದ್ದ ಪತ್ರಿಕೆಯೊಂದನ್ನು ಮೇಷ್ಟರ ಕೈಗೆ ತಂದುಕೊಟ್ಟರು.

ಮೇಷ್ಟರು ಅದನ್ನು ಬೆಳಕಿಗೆ ಹಿಡಿದರು. ಅಂಟಿನ ಹೊಟ್ಟೆಯಲ್ಲಿ ಅಡಗಿದ್ದ ಸೊಣ್ಣಪ್ಪನ ತಾತ ಛಾಯೆಯಾಗಿ ಪತ್ರಿಕೆಗೆ ಇಳಿದಿದ್ದರು. ಒದ್ದೆ ಅರಿಶಿನ ತಗುಲಿದಲ್ಲೆಲ್ಲ ಆ ಮಸಕು ಶಾಯಿ ಧಗಧಗ ನೇರಳೆಯಾಗಿ ಎದ್ದು ಕೂತಿತ್ತು. ಎಡಮೂಲೆಯಲ್ಲಿ "ವೈಕುಂಠ ಸಮಾರಾಧನೆ". ಬಲಮೂಲೆಯಲ್ಲಿ, ಅವರ ದಪ್ಪ ಹೆಸರಿನ ಬೆನ್ನಿಗೇ, "ದೈವಾಧೀನರಾದ ಪ್ರಯುಕ್ತ". ಅದನ್ನು ಕಂಡ ಮೇಲೆ ಯಾವ ಪುಣ್ಯಾತ್ಮ ನಡುವೆ ಬರೆದ ಮದುವೆಯ ಸಂಗತಿ ಓದುತ್ತಾನೆ? ಎಲ್ಲರೂ ಹರಿದರು, ಮಿಂದರು, ಪತ್ರಿಕೆ ಕಳಿಸಿದ ಮನೆಗೇ ಹೊರಟುಬಂದು, ಓದು ಬಾರದ ಕದಿರಪ್ಪನವರಿಗೆ ಅಳಿಯ ಸತ್ತ ಸುದ್ದಿ ಮುಟ್ಟಿಸಿದರು. ಮುಳಬಾಗಿಲಿನ ಬೀಗರೂ ಬಂದಿದ್ದರು, ಒದ್ದೆ ತಲೆಯಲ್ಲಿ.

ಮಗಳ ಮದುವೆಯೇ ಮುರಿದುಬೀಳುವ ಹೊತ್ತು. ಕದಿರಪ್ಪನವರು ಕಣ್ಣೊರೆಸಿಕೊಂಡು ಎದ್ದರು. ಎಲೆಅಡಿಕೆ ತಟ್ಟೆ ತರಿಸಿ, ಬೀಗರಿಂದ ಶುರುಮಾಡಿ ಒಬ್ಬೊಬ್ಬರ ಕೈಹಿಡಿದು ಬಾಯಿಮಾತಿನಲ್ಲೇ ಮದುವೆಗೆ ಕರೆದರು. ಬೀಗರು ನಕ್ಕು, "ಸುಳ್ಳು ಸಾವಿನ ಸುದ್ದಿ ಹುಟ್ಟಿದ್ರೆ ಆಯಸ್ಸು ಗಟ್ಟಿ ಬಿಡಿ" ಎಂದು ವೀಳ್ಯ ತೆಗೆದುಕೊಂಡರು. ಎಲ್ಲರ ಜೀವವೂ ತಣ್ಣಗಾಯಿತು.

ಮೇಷ್ಟರಿಗೂ ಜೀವ ಬಂತು. ಹೇಗಿದ್ದರೂ ನೆಂಟರನ್ನೆಲ್ಲ ಒಂದೇ ಕಡೆ ಸೇರಿಸಿದ್ದು ತಮ್ಮ ಪತ್ರಿಕೆಯೇ ತಾನೆ? ಜನ ಕರಗಿದ ಮೇಲೆ ಮೆಲ್ಲಗೆ ಮಾವನ ಪಕ್ಕ ಕೂತು, ಅಂಗಿಯ ಮಡಿಕೆ ಸರಿಮಾಡಿಕೊಳ್ಳುತ್ತ ಕೇಳಿದರು.

"ಮಾವ, ಆಗ ಏನೋ ಹೇಳ್ತಿದ್ರಲ್ಲ... ಚಿನ್ನದಂಥ ಅಳಿಯ, ಗಿಳಿ ಹಾರೋ ಹಂಗೆ... ಅಂತ?"

ಮಾವನವರು ನಿಧಾನವಾಗಿ ಬಾಯಲ್ಲಿದ್ದ ಎಲೆಅಡಿಕೆ ಉಗುಳಿದರು. ಆಮೇಲೆ ಅಚ್ಚ ಕನ್ನಡದಲ್ಲಿ ಹೇಳಿದರು:

"ಅದು ಸತ್ತೋನಿಗೆ ಹೇಳಿದ್ದು ಕಣಪ್ಪಾ. ನೀನು ಬದುಕಿದ್ದೀಯಲ್ಲ!"