ಕುದುರೆ ದುಡ್ಡಿನ ಹೆರಿಗೆ ವಾರ್ಡು

ಆಸ್ಪತ್ರೆ ಅಂದಮೇಲೆ ಏನಾದರೊಂದು ಆಗುತ್ತಲೇ ಇರುತ್ತೆ. ಕುದುರೆ ರೇಸಿನ ದುಡ್ಡಲ್ಲಿ ನಡೆಯೋ ಹೆರಿಗೆ ವಾರ್ಡಲ್ಲಿ ನರ್ಸಾಗಿದ್ದರಂತೂ ಕೇಳೋದೇ ಬೇಡ. ಐವತ್ತರ ದಶಕದ ಮಾತು. ಸಕಲೇಶಪುರದ ಕಡೆ ಕಾಫಿ ಪ್ಲಾಂಟರುಗಳ ಹಳೇ ಕ್ಲಬ್ಬೊಂದಿತ್ತು. ವರ್ಷಕ್ಕೊಮ್ಮೆ ರೇಸ್ ನಡೆಸಿ, ಬಾಜಿಯಲ್ಲಿ ಕ್ಲಬ್ಬಿಗೆ ಉಳಿದದ್ದನ್ನು ನಮ್ಮ ವಾರ್ಡಿಗೆ ಕೊಡುತ್ತಿತ್ತು. ಹತ್ತು ಮಂಚ, ಒಬ್ಬಳು ಆಯಾ, ನಾನು. ಅಲ್ಲಿದ್ದಷ್ಟು ವರ್ಷ ಕೂತು ಕಾಫಿ ಕುಡಿದ ನೆನಪಿಲ್ಲ.

೧. ಮೇಜರ್ ಮಂಚ

ಗೆದ್ದ ಕುದುರೆಯ ಧಣಿ ಒಂದು ಮಂಚ ಕೊಡಿಸಿ, ಅದರ ತಲೆಕಡೆ ಕುದುರೆ ಹೆಸರು ಬರೆಸೋದು ಪದ್ಧತಿ. ನಮಗೆ ಅದೇ ರೂಢಿಯಾಗಿ, ನಂಬರಿನ ಬದಲು ಕುದುರೆ ಹೆಸರಲ್ಲೇ ಮಂಚ ಕರೆಯುತ್ತಿದ್ದೆವು.

ಒಂದು ಬೆಳಿಗ್ಗೆ ಹೆಗ್ಗದ್ದೆಯಿಂದ ಒಬ್ಬ ಅತ್ತೆ ಬಂದು, "ನನ್ ಸೊಸೆ ಎಲ್ಲವ್ಳೆ?" ಅಂದರು.

ಕೈತುಂಬ ಬಟ್ಟೆ ಹೊತ್ತಿದ್ದ ಆಯಾ ತಿರುಗಿಯೂ ನೋಡದೆ, "ಮೇಜರ್ ಮೇಲೆ ಮಲಗವ್ಳೆ, ಹೋಗಿ ನೋಡಿ" ಅಂದಳು.

 ಅತ್ತೆ ನನ್ನ ಸೆರಗು ಜಗ್ಗಿ ಮೆಲ್ಲಗೆ ಕೇಳಿದರು: "ನರ್ಸಮ್ಮ, ನನ್ ಮಗ ಮಿಲಿಟ್ರಿಗೇ ಸೇರಿಲ್ವಲ್ಲ?"

೨. ಹರಕೆ

ವಾರ್ಡಿನ ಸೂರು ಸೋರುತ್ತಿತ್ತು. ಮಂಚಗಳನ್ನು ಆ ಮೂಲೆಯಿಂದ ಈ ಮೂಲೆಗೆ ಎಳೆದೂ ಎಳೆದೂ ನನ್ನ ಸೊಂಟ ಬಿದ್ದುಹೋಗಿತ್ತು. ಕ್ಲಬ್ಬಿನ ಸೆಕ್ರೆಟರಿಯನ್ನು ಕೇಳಿದೆ.

"ನೋಡಮ್ಮ, ಎಲ್ಲರೂ ಒಂದೇ ಬಿಳಿ ಕುದುರೆ ಮೇಲೆ ಕಟ್ಟಿದಾರೆ" ಅಂದರು. "ಅದು ಗೆದ್ದರೆ ದುಡ್ಡೆಲ್ಲ ಕಟ್ಟಿದವರಿಗೇ ಹೋಗುತ್ತೆ. ಸೋತರೆ ಹೆಂಚು ಹಾಕಿಸೋಣ."

ಬೇರೆ ದಾರಿಯಿಲ್ಲದೆ ದೇವಸ್ಥಾನಕ್ಕೆ ಹೋದೆ. ಅರ್ಚಕರು ಹಣ್ಣುಕಾಯಿ ತಗೊಂಡು, "ಏನಂತ ಕೇಳ್ಕೊಳ್ಳಲಿ?" ಅಂದರು.

ನಾಚಿಕೆಯಿಂದಲೇ, "ಬಿಳಿ ಕುದುರೆ ಸೋಲಲಿ ಅಂತ" ಅಂದೆ.

ಅವರು ತಟ್ಟೆಯನ್ನು ನನ್ನ ಕೈಗೇ ವಾಪಸ್ ಕೊಟ್ಟರು. "ಅದರ ಮೇಲೆ ನಾನೂ ಕಟ್ಟಿದೀನಮ್ಮ. ಬೇರೆ ಏನಾದ್ರೂ ಇದ್ರೆ ಹೇಳಿ."

೩. ಜಾಕಿಯ ಬಾಣಂತನ

ಬಿಳಿ ಕುದುರೆ ಕೊನೇ ತಿರುವಲ್ಲಿ ಎಡವಿತು. ಕುದುರೆಗೆ ಏನೂ ಆಗಲಿಲ್ಲ. ಮೈಸೂರಿಂದ ಕರೆಸಿದ್ದ ಜಾಕಿಗೆ ಹೆಗಲ ಮೂಳೆ ಮುರಿಯಿತು. ಘಟ್ಟದ ರಸ್ತೆಯಲ್ಲಿ ಜೀಪಿನಲ್ಲಿ ಕುಲುಕಿಸಬೇಡಿ ಅಂದ ಡಾಕ್ಟರು, ಗಂಡಸರ ವಾರ್ಡಿಲ್ಲದ್ದರಿಂದ ಅವನನ್ನು ನಮ್ಮಲ್ಲೇ ಮೂಲೆಗೊಂದು ಪರದೆ ಕಟ್ಟಿ ಮಲಗಿಸಿದರು. ಹುಡುಗನಷ್ಟು ಸಣ್ಣ ಆಳು. ತೂಕ ಹೆಚ್ಚಾದರೆ ಕೆಲಸ ಹೋಗುತ್ತೆ ಅಂತ ಅರೆಹೊಟ್ಟೆಯಲ್ಲೇ ಬದುಕಿದವನು. ಅವನು ಬಿದ್ದದ್ದರಿಂದ ನಮಗೆ ಹೆಂಚು ಬಂತು. ನನಗೆ ಅವನ ಮುಖ ನೋಡೋಕೇ ಆಗುತ್ತಿರಲಿಲ್ಲ.

ಪಕ್ಕದ ಮಂಚದ ಬಾಣಂತಿಗೆ ಹೊಂಗಡಹಳ್ಳದಿಂದ ಅವಳ ಅಜ್ಜಿ ಊಟ ತರುತ್ತಿದ್ದರು. ಅಜ್ಜಿಗೆ ಕಣ್ಣು ಮಂದ. ಮೊದಲ ದಿನವೇ ಪರದೆ ಸರಿಸಿ, ಕಂಬಳಿ ಹೊದ್ದವನ ಬಾಯಿಗೆ ಲೇಹ್ಯ ಇಟ್ಟು, "ಹೆಣ್ಣೋ ಗಂಡೋ, ಮಗಳೇ?" ಅಂದರು.

"ಬಿದ್ದಿದ್ದು, ಅಜ್ಜಿ" ಅಂದ ಅವನು.

ಗಂಡಸು ಅಂತ ಗೊತ್ತಾದರೂ ಅಜ್ಜಿ ಬಿಡಲಿಲ್ಲ. "ಮೂಳೆಗೆ ಗಂಡೇನು ಹೆಣ್ಣೇನು, ಉಣ್ಣಪ್ಪ" ಅಂದರು. ತುಪ್ಪದನ್ನ, ಬೆಳ್ಳುಳ್ಳಿ ಸಾರು, ಮೇಲೊಂದು ಉಂಡೆ ಲೇಹ್ಯ. ಹುಟ್ಟಿದಾಗಿಂದ ಯಾರೂ ಅವನಿಗೆ ಹಾಗೆ ಬಡಿಸಿರಲಿಲ್ಲವಂತೆ. ಮೊದಲ ದಿನ ಉಣ್ಣುತ್ತಾ ಅತ್ತುಬಿಟ್ಟ. ತೂಕದ ಮಾತೆತ್ತಿ ಊಟ ತಡೆಯೋಕೆ ನನಗೆ ಮನಸ್ಸು ಬರಲಿಲ್ಲ. ಮೂರು ವಾರ ಉಂಡ.

ಕೊನೆಗೆ ಕುದುರೆ ಧಣಿ ಕರೆದೊಯ್ಯಲು ಬಂದರು. ಬಾಗಿಲಲ್ಲಿ ನಿಂತ ಜಾಕಿಗೆ ಅಂಗಿಯ ಗುಂಡಿ ಕೂಡುತ್ತಿರಲಿಲ್ಲ. ಧಣಿ ಅವನನ್ನೇ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ಅಲ್ಲಮ್ಮ, ನಿಮ್ಮ ವಾರ್ಡಿಗೆ ಬಂದವರೆಲ್ಲ ಹಗುರಾಗಿ ಹೋಗ್ತಾರೆ. ಇವನೊಬ್ಬ ಹೊಟ್ಟೆ ಬರಿಸ್ಕೊಂಡು ಹೊರಟವ್ನಲ್ಲ?"